ವಿದೇಶದಲ್ಲಿ ಸ್ವಯಂಸೇವೆಗೆ ಸರ್ಕಾರದ ಹಣ: ಹೋಗಿ ಬಂದವರ ಮಾತು

ಪ್ರಶ್ನೆ: ನನಗೆ 25 ವರ್ಷ. ಕುಡಿಯುವ ನೀರು, ನೈರ್ಮಲ್ಯದ ಬಗ್ಗೆ ಓದಿದ್ದೇನೆ. ಒಂದು ವರ್ಷ ಬೇರೆ ದೇಶದಲ್ಲಿ ಸ್ವಯಂಸೇವಕಿಯಾಗಿ ದುಡಿಯಬೇಕು ಅಂತ ಆಸೆ. ವಿಚಾರಿಸಿದ ಕಡೆಯೆಲ್ಲ ದೊಡ್ಡ ಶುಲ್ಕ ಕೇಳುತ್ತಾರೆ. ಸರ್ಕಾರಗಳೇ ಇದಕ್ಕೆ ಹಣ ಕೊಡುತ್ತವಂತೆ, ನಿಜವಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಜರ್ಮನಿಗೆ ಹೋಗಿ ಬಂದವರು: ನಿಜ, ಕೊಡುತ್ತವೆ. ಆದರೆ ಆ ಹಣ ನಿಮ್ಮ ಕೈಗೆ ಬರುವುದಿಲ್ಲ, ಸಂಸ್ಥೆಗೆ ಹೋಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಅನುದಾನವನ್ನಲ್ಲ, ಅನುದಾನ ಪಡೆದಿರುವ ಸಂಸ್ಥೆಯನ್ನು.

ನಾನಿದ್ದದ್ದು ವೆಲ್ಟ್‌ವೆರ್ಟ್ಸ್ ಯೋಜನೆಯಲ್ಲಿ. ಜರ್ಮನಿಯ ಅಭಿವೃದ್ಧಿ ಸಚಿವಾಲಯ 2008ರಲ್ಲಿ ಶುರು ಮಾಡಿದ್ದು. 18ರಿಂದ 28 ವರ್ಷದವರಿಗೆ. ಮೊದಲು ಅಲ್ಲಿಯವರನ್ನು ಹೊರಗೆ ಕಳಿಸುವುದಷ್ಟೇ ಇತ್ತು. 2013ರಿಂದ ಬೇರೆ ದೇಶದವರೂ ಜರ್ಮನಿಗೆ ಬಂದು ಕೆಲಸ ಮಾಡಬಹುದು. ನನ್ನನ್ನು ಆರಿಸಿದ್ದು ನಾನು ಮೊದಲೇ ಕೆಲಸ ಮಾಡುತ್ತಿದ್ದ ಸಂಸ್ಥೆ. ಅದಕ್ಕೆ ಅಲ್ಲಿ ಪಾಲುದಾರರಿದ್ದರು. ವಸತಿ, ಊಟ, ವಿಮೆ, ಕೈಖರ್ಚು ಎಲ್ಲ ಸೇರಿತ್ತು. ಒಂದು ವರ್ಷಕ್ಕೆ 25 ದಿನ ತರಬೇತಿ ಕಡ್ಡಾಯ. ಅದು ಬೇಸರ ಅನ್ನಿಸಬಹುದು, ಆದರೆ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಯುಎನ್‌ವಿ (ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ) ಮೂಲಕ ಹೋಗಿದ್ದವರು: ಮೊದಲು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ನೋಡಿ, ಆಮೇಲೆ ಯೋಜನೆ ಹುಡುಕಿ. ಸ್ವಯಂಸೇವಕರನ್ನು ಹೊರದೇಶಕ್ಕೆ ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ 1961ರಿಂದ ಇದೆ, ಆದರೆ ಅಮೆರಿಕದ ಪ್ರಜೆಗಳಿಗೆ ಮಾತ್ರ. ಜಪಾನ್ 1965ರಿಂದ ಸ್ವಯಂಸೇವಕರನ್ನು ಕಳಿಸುತ್ತಿದೆ, ಅದೂ ಜಪಾನೀಯರನ್ನೇ. ಹುಡುಕಿದಾಗ ಮೊದಲು ಕಾಣುವುದು ಇವೇ. ನಿಮಗೆ ಅನ್ವಯಿಸದಿದ್ದರೆ ಸುಮ್ನೆ ಅಲ್ಲಿ ಸಮಯ ಕಳೆಯಬೇಡಿ.

ವಿಶ್ವಸಂಸ್ಥೆಯ ಯುಎನ್‌ವಿಯಲ್ಲಿ ಹೆಸರು ನೋಂದಾಯಿಸಲು ಇಂಥ ದೇಶದವರೇ ಆಗಬೇಕು ಅಂತಿಲ್ಲ. 18ರಿಂದ 26ರವರೆಗೆ ಯುವ ವಿಭಾಗ, 27ರಿಂದ ತಜ್ಞರ ವಿಭಾಗ. ನಿಮಗೆ ಈಗ ಯುವ ವಿಭಾಗ ಸಿಗುತ್ತದೆ. ಕೆಲವು ಹುದ್ದೆಗಳಿಗೆ ಒಂದು ಸರ್ಕಾರವೇ ಪೂರ್ತಿ ಹಣ ಕೊಟ್ಟಿರುತ್ತದೆ. ಅವು ಹೆಚ್ಚಾಗಿ ಆ ದೇಶದ ಪ್ರಜೆಗಳಿಗೇ ಮೀಸಲು, ಷರತ್ತು ಪೂರ್ತಿ ಓದಿ. ಕೊಡುವುದು ಸಂಬಳ ಅಲ್ಲ, ಜೀವನ ಭತ್ಯೆ. ಅರ್ಜಿಗೆ ಶುಲ್ಕವೇ ಇಲ್ಲ. ಯುಎನ್‌ವಿ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ.

ಸ್ವಯಂಸೇವಕರನ್ನು ಬರಮಾಡಿಕೊಳ್ಳುವ ಸಂಸ್ಥೆಯವರು: ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ. ಸರ್ಕಾರದ ಹಣ ಸ್ವಯಂಸೇವಕರ ವಿಮಾನ, ವಿಮೆ, ತರಬೇತಿಗೆ ಸಿಗುತ್ತದೆ. ಬಂದವರಿಗೆ ಕೆಲಸ ಕಲಿಸಲು ನಮ್ಮ ಹುಡುಗರು ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಆ ಸಮಯಕ್ಕೆ ಎಷ್ಟೋ ಬಜೆಟ್‌ಗಳಲ್ಲಿ ಜಾಗವೇ ಇರುವುದಿಲ್ಲ. ಒಂದು ಸಂಸ್ಥೆ ನಮಗೆ ಬೇಕಾದದ್ದು ಏನು ಅಂತ ಕೇಳದೆಯೇ ಆರು ಜನರನ್ನು ಕಳಿಸಿತ್ತು. ನಮಗೆ ಬೇಕಿದ್ದದ್ದು ನೀರಿನ ಪರೀಕ್ಷೆ ಗೊತ್ತಿರುವ ಒಬ್ಬರು ಮಾತ್ರ. ಅಷ್ಟೂ ಜನರಿಗೆ ಕೆಲಸ ಹುಡುಕುವುದೇ ನಮ್ಮ ಕೆಲಸವಾಯಿತು. ಬಂದ ಮಕ್ಕಳದ್ದು ಏನೂ ತಪ್ಪಿಲ್ಲ, ಪಾಪ.

ಒಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಶ್ರೀಮಂತ ದೇಶಗಳು ಇಂಥ ಖರ್ಚನ್ನು ಅಭಿವೃದ್ಧಿ ನೆರವಿನ ಲೆಕ್ಕಕ್ಕೆ ಸೇರಿಸಬಹುದು. ಯಾವ ದೇಶಕ್ಕೆ ಕೊಟ್ಟರೆ ಅದು ನೆರವು ಅನ್ನಿಸಿಕೊಳ್ಳುತ್ತದೆ ಅನ್ನುವುದಕ್ಕೆ ಒಇಸಿಡಿಯ (ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟ) ಒಂದು ಪಟ್ಟಿ ಇದೆ. ವೆಲ್ಟ್‌ವೆರ್ಟ್ಸ್‌ನಂಥ ಯೋಜನೆಗಳು ಆ ಪಟ್ಟಿಯನ್ನೇ ಹಿಡಿದು ನಡೆಯುತ್ತವೆ. ಹೀಗಾಗಿ ಹೋಗುವವರ ಇಷ್ಟಕ್ಕಿಂತ ಪಟ್ಟಿಯೇ ಮುಖ್ಯವಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ನಾರ್ವೆಯ ನೊರೆಕ್ ರೀತಿ. ಅದು ಅಲ್ಲಿನ ಸರ್ಕಾರಿ ಸಂಸ್ಥೆ. ಅಲ್ಲಿ ಒಬ್ಬೊಬ್ಬರೇ ಅರ್ಜಿ ಹಾಕುವಂತಿಲ್ಲ. ಎರಡು ದೇಶಗಳ ಸಂಸ್ಥೆಗಳು ಸೇರಿ ಹಾಕುತ್ತವೆ, ಜನ ಎರಡೂ ಕಡೆಗೆ ಹೋಗುತ್ತಾರೆ. ಅವರು ಬಂದು ನಮ್ಮಿಂದ ಕಲಿಯುತ್ತಾರೆ, ನಮ್ಮವರೂ ಹೋಗಿ ಕಲಿತು ಬರುತ್ತಾರೆ. ಸುಸ್ಥಿರ ಅನ್ನುವ ಮಾತಿಗೆ ಆಗ ಬೆಲೆ ಬರುತ್ತದೆ, ಅಲ್ವಾ? ನೀವು ಯಾವುದಾದರೂ ಸಂಸ್ಥೆಯಲ್ಲಿದ್ದರೆ ಈ ದಾರಿಯ ಬಗ್ಗೆ ನಿಮ್ಮವರ ಹತ್ತಿರ ಮಾತಾಡಿ.

ಇನ್ನೊಬ್ಬರು: ಸರ್ಕಾರದ ಹಣ ಖಾಯಂ ಅಂತ ನಂಬಬೇಡಿ. ಬ್ರಿಟನ್ ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ಸ್ವಯಂಸೇವೆಯ ಯೋಜನೆ ಐಸಿಎಸ್ (ಇಂಟರ್ನ್ಯಾಷನಲ್ ಸಿಟಿಜನ್ ಸರ್ವಿಸ್) 2011ರಲ್ಲಿ ಶುರುವಾಗಿ ಸಾವಿರಾರು ಯುವಕರನ್ನು ಕಳಿಸಿತು. ಕೊರೊನಾ ಬಂದಾಗ ನಿಂತಿತು, ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ. 2021ರಲ್ಲಿ ಆ ಸರ್ಕಾರ ವಿದೇಶಿ ನೆರವನ್ನೇ ರಾಷ್ಟ್ರೀಯ ಆದಾಯದ ಶೇ 0.7ರಿಂದ 0.5ಕ್ಕೆ ಇಳಿಸಿತು. ಪೀಸ್ ಕೋರ್ ಕೂಡ 2020ರ ಮಾರ್ಚ್‌ನಲ್ಲಿ ಸುಮಾರು 7,000 ಜನರನ್ನು ಒಮ್ಮೆಲೇ ವಾಪಸ್ ಕರೆಸಿಕೊಂಡಿತ್ತು. ನೀವಿರುವ ಅವಧಿಗೆ ಹಣ ಮಂಜೂರಾಗಿದೆಯಾ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಹಾಗಾದರೆ ಶುಲ್ಕ ಕೇಳುವವರೆಲ್ಲ ಮೋಸಗಾರರಾ?

ಜರ್ಮನಿಗೆ ಹೋಗಿ ಬಂದವರು: ಹಾಗೇನಿಲ್ಲ. ಸರ್ಕಾರ ಪೂರ್ತಿ ಕೊಡದಿದ್ದಾಗ ಉಳಿದದ್ದನ್ನು ಒಳ್ಳೆಯ ಸಂಸ್ಥೆಗಳೂ ಹೊಂದಿಸಬೇಕಾಗುತ್ತದೆ. ವೆಲ್ಟ್‌ವೆರ್ಟ್ಸ್‌ನಲ್ಲಿ ಜರ್ಮನಿಯಿಂದ ಹೋಗುವವರಿಗೆ ಸಚಿವಾಲಯ ಶೇ 75ರವರೆಗೆ ಕೊಡುತ್ತದೆ. ಮಿಕ್ಕಿದ್ದಕ್ಕೆ ಪರಿಚಯದವರಿಂದ ದೇಣಿಗೆ ಕೂಡಿಸಲು ಸಹಾಯ ಮಾಡಿ ಅಂತ ಸಂಸ್ಥೆಗಳು ಕೇಳುತ್ತವೆ. ದೇಣಿಗೆ ಕೂಡಿಸುವುದೇ ಬೇರೆ, ಸೀಟಿಗೆ ಬೆಲೆ ಕಟ್ಟುವುದೇ ಬೇರೆ. ಖರ್ಚಿನ ವಿವರ ಕೇಳಿ. ಅದರಲ್ಲಿ ನಿಮ್ಮನ್ನು ಬರಮಾಡಿಕೊಳ್ಳುವ ಸಂಸ್ಥೆಗೆ ಎಷ್ಟು ಹೋಗುತ್ತದೆ ಅಂತ ನೋಡಿ. ವಿವರ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಟ್ಟುಬಿಡಿ.

ಸಂಸ್ಥೆಯವರು: ಜೊತೆಗೆ, ನಿಮಗಿಂತ ಮೊದಲು ಅದೇ ಜಾಗದಲ್ಲಿದ್ದವರ ಜೊತೆ ಮಾತಾಡಿಸಿ ಅಂತ ಕೇಳಿ. ನಮ್ಮಂಥವರ ಜೊತೆಗೂ.