ಅಲೆಯ ಮೇಲೆ ‘ಸವಾರಿ’ಯೋ, ‘ಜಾರಾಟ’ವೋ?

ಎಲ್ಲರಿಗೂ ನಮಸ್ಕಾರ.

ಕಯಾಕಿನಲ್ಲಿ (ಕೂತು ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ಸರ್ಫಿಂಗ್ ಮಾಡುವುದರ ಬಗ್ಗೆ ಹೈಸ್ಕೂಲು ಮಕ್ಕಳಿಗೊಂದು ಬರಹ ಬರೆಯುತ್ತಿದ್ದೇನೆ, ಅದಕ್ಕೆ ಕನ್ನಡ ಪದಗಳನ್ನು ಹುಡುಕುತ್ತಿದ್ದೇನೆ. ‘ಕಯಾಕ್’ ಹಾಗೇ ಇರಲಿ. ಪ್ಯಾಡಲ್‌ಗೆ ‘ಹುಟ್ಟು’ ಇದ್ದೇ ಇದೆ. ಸಿಕ್ಕಿಹಾಕಿಕೊಂಡಿರುವುದು ‘ಸರ್ಫ್’ ಅನ್ನುವ ಕ್ರಿಯಾಪದದಲ್ಲಿ. ‘ಅಲೆಗಳ ಮೇಲೆ ಸವಾರಿ’ ಅಂತ ಬರೆಯುವುದು ರೂಢಿ. ಕೇಳಲು ಚೆನ್ನ, ಆದರೆ ನಡೆಯುವುದು ಅದಲ್ಲ.

ಸವಾರಿ ಅಂದರೆ ಕುದುರೆ ನಮ್ಮನ್ನು ಹೊತ್ತುಕೊಂಡು ಹೋಗಬೇಕು. ಆಳ ಕಡಲಲ್ಲಿ ನೀರು ಹೆಚ್ಚುಕಮ್ಮಿ ಇದ್ದಲ್ಲೇ ಸುತ್ತು ಹಾಕುತ್ತದೆ, ಮುಂದೆ ಹೋಗುವುದು ಉಬ್ಬು ಮಾತ್ರ. 10 ಸೆಕೆಂಡಿಗೊಂದರಂತೆ ಬರುವ ಅಲೆ ಅಲ್ಲಿ ಗಂಟೆಗೆ ಸುಮಾರು 56 ಕಿ.ಮೀ. ಓಡುತ್ತದೆ. ಹುಟ್ಟು ಹಾಕಿ ಅದನ್ನು ಹಿಡಿಯುವವರುಂಟೇ! ದಡದ ಹತ್ತಿರ ಆಳ 1.5 ಮೀಟರಿಗೆ ಇಳಿದಾಗ ಅದೇ ಅಲೆಯ ವೇಗ ಸುಮಾರು 14 ಕಿ.ಮೀ.ಗೆ ಬರುತ್ತದೆ. ಉದ್ದ ಕುಗ್ಗುತ್ತದೆ, ಎತ್ತರ ಏರುತ್ತದೆ, ಮುಖ ಕಡಿದಾಗುತ್ತದೆ. ಆಗ ನಾಲ್ಕು ಸಲ ಜೋರಾಗಿ ಹುಟ್ಟು ಹಾಕಿದರೆ ಸಾಕು, ಕಯಾಕು ಆ ಇಳಿಜಾರಿನಲ್ಲಿ ಜಾರತೊಡಗುತ್ತದೆ. ಎಳೆಯುವುದು ಭೂಮಿಯ ಸೆಳೆತ. ಗುಡ್ಡವೇ ಮುಂದೆ ಓಡುತ್ತಿರುವುದರಿಂದ ಬುಡ ಸಿಗುವುದಿಲ್ಲ, ಅಷ್ಟೇ. ಹಾಗಾದರೆ ‘ತೆರೆಜಾರಾಟ’ ಸರಿ, ಅಲ್ವಾ?

ಹೊಳೆಗೆ ಬಂದರೆ ಇನ್ನೊಂದು ತಮಾಷೆ. ಕಾಳಿಯಂಥ ನದಿಯಲ್ಲಿ ಬಂಡೆ ಹಾರಿ ಬಂದ ನೀರು ಕೆಳಗೆ ನಿಂತ ಅಲೆ ಎಬ್ಬಿಸುತ್ತದೆ. ನೀರು ಓಡುತ್ತದೆ, ಅಲೆ ಅಲ್ಲೇ. ಹೊಳೆಗೆ ಎದುರು ಮುಖ ಮಾಡಿದ ಕಯಾಕು ಜಾರುತ್ತಲೇ ಇದ್ದಲ್ಲೇ ಇರುತ್ತದೆ. ಎಲ್ಲಿಗೂ ಹೋಗದ ಸವಾರಿ! ‘ಅಲೆ’ ಅಂದರೆ ತಿರುಗಾಡು ಅಂತಲೂ ಅರ್ಥ. ನಿಂತದ್ದನ್ನು ಹಾಗೆ ಕರೆಯಲು ನನಗೇಕೋ ಮುಜುಗರ. ‘ನಿಲ್ಲಲೆ’ ಅಂದುನೋಡಿದೆ, ಬಾಯಿಗೆ ಹೊಂದಲಿಲ್ಲ.

ಇನ್ನು ‘ಬ್ರೋಚ್’. ಕಯಾಕಿನ ಮೂತಿ ಅಲೆಯ ಬುಡದ ನೀರಿಗೆ ನೆಡುತ್ತದೆ, ಹಿಂಬದಿಯನ್ನು ನೆತ್ತಿಯ ನೀರು ಮುಂದೆ ನೂಕುತ್ತದೆ. ಕಯಾಕು ಗಿರಕ್ಕನೆ ತಿರುಗಿ ಅಲೆಗೆ ಅಡ್ಡವಾಗಿಬಿಡುತ್ತದೆ. ಅಲೆಯ ಕಡೆಗೇ ವಾಲಬೇಕು. ಹೆದರಿ ದಡದ ಕಡೆ ವಾಲಿದರೆ ಮಗುಚಿದ ಹಾಗೆಯೇ (ಮಗುಚಿದ್ದೇನೆ, ಮೂಗಿನ ತುಂಬ ಉಪ್ಪುನೀರು). ಇದಕ್ಕೆ ‘ಅಡ್ಡ ಬೀಳು’ ಅನ್ನೋಣವೆಂದರೆ ಅದು ಸಮುದ್ರಕ್ಕೆ ನಮಸ್ಕಾರ ಮಾಡಿದಂತಾಗುತ್ತದೆ. ‘ಅಡ್ಡ ತಿರುಗು’ ಸಪ್ಪೆ.

ಕರಾವಳಿಯವರು ಹೇಳಬೇಕು. ಅಳಿವೆ ದಾಟುವಾಗ ದೋಣಿ ಹೀಗೆ ತಿರುಗಿಕೊಂಡರೆ ನಿಮ್ಮ ಕಡೆಯ ಮೀನುಗಾರರು ಏನನ್ನುತ್ತಾರೆ? ತುಳುವೋ ಕೊಂಕಣಿಯೋ ಆದರೂ ಸರಿ, ತಿಳಿಸಿ.