ಇರಾಕ್ ಯುದ್ಧದ ಏಟು ಲೇಬರ್ ಪಕ್ಷಕ್ಕೆ ಬಿದ್ದದ್ದು ಎಲ್ಲಿ?

ಪ್ರಶ್ನೆ:
2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಲಂಡನ್ನಿನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಆದರೂ 2005ರ ಚುನಾವಣೆಯಲ್ಲಿ ಬ್ರಿಟನ್ನಿನ ಲೇಬರ್ ಪ್ರಧಾನಿ ಟೋನಿ ಬ್ಲೇರ್ ಮತ್ತೆ ಗೆದ್ದರು. ಹಾಗಾದರೆ ಚಳವಳಿಯಿಂದ ಆದದ್ದೇನು? ಇನ್ನೊಂದು ಗೊಂದಲ: ಯುದ್ಧದ ವಿಷಯದಲ್ಲಿ ತಮ್ಮದೇ ಸರ್ಕಾರದ ವಿರುದ್ಧ ಬಂಡೆದ್ದ ಲೇಬರ್ ಸಂಸದರು 84 ಅಂತ ಒಂದು ಕಡೆ, 139 ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ?

ಉತ್ತರ 1:
ಎರಡೂ ಸರಿ. 2003ರ ಮಾರ್ಚ್ 18ರ ರಾತ್ರಿ ಸಂಸತ್ತಿನಲ್ಲಿ ಎರಡು ಸಲ ಮತಕ್ಕೆ ಹಾಕಿದರು. ಯುದ್ಧಕ್ಕೆ ತಕ್ಕ ಕಾರಣ ಇನ್ನೂ ಸಾಬೀತಾಗಿಲ್ಲ ಎಂಬ ತಿದ್ದುಪಡಿ ಮೊದಲು ಬಂತು. ಅದಕ್ಕೆ 217 ಮತ, ಅದರಲ್ಲಿ ಲೇಬರ್ 139. ಅದು ಬಿದ್ದ ಮೇಲೆ ಯುದ್ಧಕ್ಕೆ ಒಪ್ಪಿಗೆ ಕೊಡುವ ಮೂಲ ನಿರ್ಣಯ 412–149ರಲ್ಲಿ ಪಾಸಾಯಿತು. ವಿರೋಧಿಸಿದವರಲ್ಲಿ ಲೇಬರ್ 84. ಸಂಸತ್ತಿನ ಕಲಾಪದ ಅಧಿಕೃತ ದಾಖಲೆಯಾದ ಹನ್ಸಾರ್ಡ್‌ನಲ್ಲಿ ಎರಡೂ ಪಟ್ಟಿ ತೆಗೆದು ಹೆಸರು ಹೆಸರಾಗಿ ತಾಳೆ ನೋಡಿ. ಎರಡನೆಯ ಮತದಾನದ ಯಾವ ಕಡೆಯಲ್ಲೂ ಹೆಸರಿಲ್ಲದವರನ್ನು ಬಂಡಾಯಗಾರರ ಲೆಕ್ಕಕ್ಕೆ ಸೇರಿಸಬೇಡಿ. ಕಾಯಿಲೆ ಬಿದ್ದು ಬರದವರೂ ಬೇಕೆಂದೇ ದೂರ ಉಳಿದವರೂ ಪಟ್ಟಿಯಲ್ಲಿ ಒಂದೇ ಥರ ಕಾಣ್ತಾರೆ.

ಉತ್ತರ 2:
ಗೆದ್ದರು ನಿಜ, ಆದರೆ ಬಹುಮತ 167ರಿಂದ 66 ಸ್ಥಾನಕ್ಕೆ ಇಳಿಯಿತು, ಸಿಕ್ಕ ಮತ ಶೇ. 35.2 ಮಾತ್ರ. ಕನ್ಸರ್ವೇಟಿವ್ ಪಕ್ಷವೂ ಯುದ್ಧದ ಪರ ನಿಂತಿತ್ತಲ್ಲ, ಸಿಟ್ಟಾದ ಮತದಾರ ಅಲ್ಲಿಗೆ ಹೋಗಿ ಮಾಡೋದೇನು? ಯುದ್ಧ ವಿರೋಧಿಸಿದ್ದ ಚಾರ್ಲ್ಸ್ ಕೆನಡಿಯವರ ಲಿಬರಲ್ ಡೆಮಾಕ್ರಟರು 52ರಿಂದ 62 ಸ್ಥಾನಕ್ಕೆ ಏರಿದರು. ಹುಷಾರು: ಕೇಂಬ್ರಿಜ್‌ನಂಥ ವಿಶ್ವವಿದ್ಯಾಲಯದ ಊರುಗಳಲ್ಲಿ ಕಾಲೇಜು ಶುಲ್ಕ ಏರಿಕೆಯ ಸಿಟ್ಟೂ ಬೆರೆತಿತ್ತು (2004ರ ಜನವರಿಯಲ್ಲಿ ಆ ಮಸೂದೆ ದಾಟಿದ್ದು ಬರೀ 5 ಮತದಲ್ಲಿ). ಯುದ್ಧದ ಪಾಲು ಎಷ್ಟು ಅಂತ ಅಲ್ಲಿ ಬೇರ್ಪಡಿಸಲಾಗದು. ಯುದ್ಧದ ಪರಿಣಾಮ ಸ್ಪಷ್ಟವಾಗಿ ಕಾಣಬೇಕೆಂದರೆ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಅಂಡ್ ಬೋ ನೋಡಿ. ಯುದ್ಧದ ಪರ ಮತ ಹಾಕಿದ್ದ ಲೇಬರ್ ಸಂಸದೆ ಊನಾ ಕಿಂಗ್ ಅವರನ್ನು ಯುದ್ಧವಿರೋಧಿ ರೆಸ್ಪೆಕ್ಟ್ ಪಕ್ಷದ ಜಾರ್ಜ್ ಗ್ಯಾಲೊವೇ 823 ಮತದಿಂದ ಸೋಲಿಸಿದರು.

ಉತ್ತರ 3:
ಸೀಟು ಎಣಿಸಿ ಕೂತರೆ ಅರ್ಧವಷ್ಟೇ ಸಿಗುತ್ತದೆ. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ಸೇನಾ ಕ್ರಮದ ಬಗ್ಗೆ ಸರ್ಕಾರ ತಂದ ನಿರ್ಣಯ 272–285ರಲ್ಲಿ ಸೋತಿತು. ಇರಾಕ್ ನೆರಳು ಸದನದ ಮೇಲಿಂದ ಸರಿದಿರಲಿಲ್ಲ. 2015ರಲ್ಲಿ ಲೇಬರ್ ನಾಯಕರಾದ ಜೆರೆಮಿ ಕಾರ್ಬಿನ್, ಯುದ್ಧವಿರೋಧಿ ಒಕ್ಕೂಟದ ಅಧ್ಯಕ್ಷರಾಗಿದ್ದವರು. 3 ಪೌಂಡ್ ಕೊಟ್ಟು ನೋಂದಾಯಿಸಿದವರಿಗೂ ನಾಯಕನ ಆಯ್ಕೆಯಲ್ಲಿ ಮತ ಹಾಕುವ ಹಕ್ಕು ಕೊಟ್ಟ ಹೊಸ ನಿಯಮವೂ ಅವರಿಗೆ ಅನುಕೂಲವಾಯಿತು ಅನ್ನಿ. ಹಳೆಯ ಕಥೆ ಅನ್ನೋ ಹಾಗೂ ಇಲ್ಲ: 2024ರಲ್ಲಿ ದೇಶದ ತುಂಬ ಲೇಬರ್ ಅಲೆ, ಆದರೆ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯ ಎತ್ತಿದ ಪಕ್ಷೇತರ ಅಭ್ಯರ್ಥಿಯ ಎದುರು ಲೇಬರ್‌ನ ಜೊನಾಥನ್ ಆಶ್ವರ್ತ್ 979 ಮತದಿಂದ ಸೋತರು.

ಉತ್ತರ 1:
2013ರ ಸಿರಿಯಾ ಮತದಾನಕ್ಕೂ ನಾನು ಮೇಲೆ ಹೇಳಿದ ಎಚ್ಚರಿಕೆಯೇ. ಅವತ್ತೂ ಎರಡು ಮತದಾನ. ಲೇಬರ್ ತಂದ ತಿದ್ದುಪಡಿಯೂ 220–332ರಲ್ಲಿ ಬಿತ್ತು. ‘ಲೇಬರ್ ನಿಲುವನ್ನು ಸದನ ಒಪ್ಪಿತು’ ಅಂತ ಬರೆದುಬಿಟ್ಟೀರಿ.