ಎಲೆಯೇ ಎಲೆ, ಹಣ್ಣಿಲ್ಲ: ಕುಂಡದ ಸ್ಟ್ರಾಬೆರಿ ಬೆಳೆದವರು ಹೇಳಿ

ಮೈಸೂರಿನ ನಮ್ಮ ತಾರಸಿಯಲ್ಲಿ ಸೆಪ್ಟೆಂಬರ್ ಕೊನೆಗೆ ಆರು ಸ್ಟ್ರಾಬೆರಿ ಸಸಿ ನೆಟ್ಟೆ. ಎರಡು ಬುಡ ಕೊಳೆತು ಸತ್ತವು. ಉಳಿದ ನಾಲ್ಕರಲ್ಲಿ ಎಲೆಯೇ ಎಲೆ, ಸುತ್ತಲೂ ಹಂಬು. ಜನವರಿ ಬಂದರೂ ಸಿಕ್ಕಿದ್ದು ಮೂರೇ ಹಣ್ಣು, ಅವೂ ಸೊಟ್ಟ. ದಿನಕ್ಕೆರಡು ಸಲ ನೀರು, ಹದಿನೈದು ದಿನಕ್ಕೊಮ್ಮೆ ಚಿಟಿಕೆ ಯೂರಿಯಾ ಕೊಡುತ್ತಿದ್ದೇನೆ. ಎಲ್ಲಿ ತಪ್ಪಿದೆ?

ಬೆಂಗಳೂರಿನಿಂದ:
ಯೂರಿಯಾ ಇವತ್ತೇ ನಿಲ್ಲಿಸಿ, ಎಲೆ ಕೊಬ್ಬಿರುವುದು ಅದರಿಂದ. ಸತ್ತ ಸಸಿಗಳ ವಿಷಯದಲ್ಲಿ ಮಾತ್ರ ನನ್ನ ಅನುಮಾನ ಬೇರೆ. ಟೊಮೆಟೊ ಸಸಿಯನ್ನು ಕುತ್ತಿಗೆಯವರೆಗೆ ಹೂಳುವ ನನ್ನ ಅಭ್ಯಾಸವನ್ನೇ ಮೊದಲ ವರ್ಷ ಇದಕ್ಕೂ ಹಚ್ಚಿದೆ. ವಾರದೊಳಗೆ ನಡುವಿನ ಎಳೆ ಎಲೆ ಕಪ್ಪಾಯಿತು. ಎಳೆದರೆ ಇಡೀ ಗಿಡ ಬೇರಿಲ್ಲದೆ ಕೈಗೆ ಬಂತು. ಎಲೆಗಳೆಲ್ಲ ಹೊರಡುವ ಆ ದಪ್ಪ ಗಂಟಿದೆಯಲ್ಲ, ಅದು ಮಣ್ಣಿನ ಮೇಲೆಯೇ ಇರಬೇಕು, ಬೇರಷ್ಟೇ ಒಳಗೆ. ನೀರನ್ನೂ ಬೆರಳು ಚುಚ್ಚಿ ನೋಡಿ ಕೊಡಿ. ಒಂದು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ, ಅದೂ ಅಂಚಿಗೆ.

ಹಣ್ಣು ಸೊಟ್ಟವಾಗುವುದು ಪರಾಗ ಸಾಲದೆ. ಮೇಲೆ ಬೀಜದಂತೆ ಕಾಣುವ ಒಂದೊಂದು ಕಾಳಿಗೂ ಪರಾಗ ತಾಗಬೇಕು. ತಾಗದ ಕಡೆ ತಿರುಳು ಉಬ್ಬುವುದಿಲ್ಲ. ನಮ್ಮ ನಾಲ್ಕನೆಯ ಮಹಡಿಗೆ ಜೇನುನೊಣ ಬರುವುದು ಅಪರೂಪ. ಹಾಗಾಗಿ ಬಿಸಿಲೇರಿದ ಮೇಲೆ ಮಗಳ ಚಿತ್ರದ ಕುಂಚ ಹಿಡಿದು ಹೂವಿನಿಂದ ಹೂವಿಗೆ ನಾನೇ ಜೇನುನೊಣವಾಗುತ್ತೇನೆ. ಅತ್ತೆಯವರು ನಗುತ್ತಾರೆ, ಹಣ್ಣು ಬಂದಾಗ ಮೊದಲು ಕೈ ಚಾಚುವವರೂ ಅವರೇ.

ಮಡಿಕೇರಿಯಿಂದ:
ಮೇಲಿನದಕ್ಕೆಲ್ಲ ನನ್ನ ಒಪ್ಪಿಗೆ. ಹಣ್ಣು ಬಿಡುವ ಕಾಲದಲ್ಲಿ ಹಂಬು ಕಂಡ ಕೂಡಲೇ ಕತ್ತರಿಸಿ, ಗಿಡದ ಶಕ್ತಿ ಅಲ್ಲಿಗೇ ಹೋಗುತ್ತದೆ. ಹಣ್ಣು ಮಣ್ಣಿಗೆ ತಾಗದಂತೆ ಒಣಹುಲ್ಲು ಹಾಸಿ. ನಮ್ಮಲ್ಲಿ ದೊಡ್ಡ ಶತ್ರು ಚಿಪ್ಪಿಲ್ಲದ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ಮದ್ದು. ಹಗಲಿನ ಪಾಳಿ ಪಿಕಳಾರದ್ದು, ಅದಕ್ಕೆ ಬಲೆ ಬೇಕು. ಕೊಯ್ದ ಮೇಲೆ ಈ ಹಣ್ಣು ಇನ್ನಷ್ಟು ಸಿಹಿಯಾಗುವುದಿಲ್ಲ, ತೊಟ್ಟಿನವರೆಗೂ ಕೆಂಪಾಗಲು ಬಿಡಿ. ಫಸಲು ಮುಗಿದ ಮೇಲೆ ಬರುವ ಹಂಬನ್ನು ತಾಯಿಗಿಡದಿಂದ ಬೇರ್ಪಡಿಸದೆ ಪಕ್ಕದ ಸಣ್ಣ ಕುಂಡಕ್ಕೆ ಒತ್ತಿಡಿ. ಬೇರು ಹಿಡಿದ ಮೇಲೆ ಕತ್ತರಿಸಿದರೆ ಮುಂದಿನ ವರ್ಷಕ್ಕೆ ಸಸಿ ಸಿದ್ಧ.

ಬಳ್ಳಾರಿಯಿಂದ:
ಮಡಿಕೇರಿಯವರ ಕೊನೆಯ ಮಾತು ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ನೆರಳು ಬಲೆ ಕಟ್ಟಿ ಎರಡು ಬೇಸಿಗೆ ಹೆಣಗಾಡಿದೆ, ಏಪ್ರಿಲ್‌ನಲ್ಲಿ ಎಲ್ಲ ಸುಟ್ಟುಹೋದವು. ಈಗ ಅವರೆಕಾಯಿಯಂತೆ ಇದೂ ಚಳಿಗಾಲದ ಬೆಳೆ ಎಂದುಕೊಂಡಿದ್ದೇನೆ: ಅಕ್ಟೋಬರ್‌ನಲ್ಲಿ ಹೊಸ ಸಸಿ, ಮಾರ್ಚ್ ಮುಗಿದರೆ ಗೊಬ್ಬರದ ಗುಂಡಿಗೆ. ಇನ್ನೊಂದು: ನೀಲಿ ಸ್ಟ್ರಾಬೆರಿಯ ಬೀಜವೆಂದು ಮಾರುವವರ ಬಲೆಗೆ ಬೀಳಬೇಡಿ. ನಾನು ಬಿದ್ದೆ, ಮೊಳೆತದ್ದು ಯಾವುದೋ ಸೊಪ್ಪು.

ಮೈಸೂರಿನಿಂದ ಮತ್ತೆ:
ಈಗಷ್ಟೇ ಕೆದಕಿ ನೋಡಿದೆ. ನಾಲ್ಕರಲ್ಲಿ ಮೂರರ ಗಂಟು ಎರಡು ಬೆರಳು ಮಣ್ಣೊಳಗಿತ್ತು. ಮಣ್ಣು ಸರಿಸಿದೆ, ಹನ್ನೊಂದು ಹಂಬು ಕತ್ತರಿಸಿದೆ. ಒಂದನ್ನು ಮಾತ್ರ ಕತ್ತರಿಸಲು ಮನಸ್ಸಾಗದೆ ಮೊಸರಿನ ಡಬ್ಬಿಯಲ್ಲಿ ಒತ್ತಿಟ್ಟಿದ್ದೇನೆ, ಮಡಿಕೇರಿಯವರು ಕ್ಷಮಿಸಬೇಕು.